ಪಿಎಚ್ ಮೀಟರನ್ನು ಯಾವಾಗ ನಂಬಬೇಕು?

ಹೊಸ ಎಲೆ ಹಳದಿಯಾಗುತ್ತದೆ, ನರಗಳು ಮಾತ್ರ ಹಸಿರಾಗೇ ಉಳಿಯುತ್ತವೆ. ಟೆರೇಸಿನಲ್ಲಿ ಹೈಡ್ರೋಪೋನಿಕ್ಸ್ (ಮಣ್ಣಿಲ್ಲದೆ, ಗೊಬ್ಬರ ಕಲಸಿದ ನೀರಿನಲ್ಲೇ ಗಿಡ ಬೆಳೆಸುವುದು) ಮಾಡುವ ಅನೇಕರು ಇದನ್ನು ನೋಡಿರುತ್ತಾರೆ. ಸಾಮಾನ್ಯವಾಗಿ ಇದು ಕಬ್ಬಿಣದ ಕೊರತೆ. ತೊಟ್ಟಿಗೆ ಕಬ್ಬಿಣ ಹಾಕಿಯೇ ಇರುತ್ತೇವೆ. ಆದರೆ ನೀರಿನ ಪಿಎಚ್ (ಆಮ್ಲೀಯತೆಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ) ಹೆಚ್ಚಾದರೆ ಆ ಕಬ್ಬಿಣ ಬೇರಿಗೆ ಸಿಗದ ರೂಪಕ್ಕೆ ತಿರುಗಿಬಿಡುತ್ತದೆ. ಹೆಚ್ಚಿನ ಸೊಪ್ಪು ತರಕಾರಿಗೆ ಪಿಎಚ್ 5.5ರಿಂದ 6.5ರ ಒಳಗಿರಬೇಕು.

ಪಿಎಚ್‌ನಲ್ಲಿ ಒಂದು ಅಂಕಿ ಅಂದರೆ ಆಮ್ಲೀಯತೆಯಲ್ಲಿ ಹತ್ತು ಪಟ್ಟು ವ್ಯತ್ಯಾಸ. ಮೀಟರ್ ಬರೀ ಅರ್ಧ ಅಂಕಿ ತಪ್ಪಿದರೂ ಲೆಕ್ಕ ಮೂರು ಪಟ್ಟು ಎಡವಟ್ಟಾಗುತ್ತದೆ. ಆದ್ದರಿಂದ ಆಮ್ಲದ ಬಾಟಲಿಗೆ ಕೈ ಹಾಕುವ ಮುಂಚೆ ಮೀಟರನ್ನೇ ಪರೀಕ್ಷೆ ಮಾಡಬೇಕು.

ಪೆನ್ನಿನಂಥ ಮೀಟರಿನ ಕ್ಯಾಪ್ ತೆಗೆದರೆ ತುದಿಯಲ್ಲಿ ಒಂದು ಪುಟ್ಟ ಗಾಜಿನ ಗುಂಡು ಕಾಣುತ್ತದೆ. ಎಲ್ಲ ಕೆಲಸ ಅದರದ್ದೇ. ಆ ತೆಳು ಗಾಜಿನ ಮೇಲ್ಪದರ ನೀರು ಹೀರಿ ಜೆಲ್‌ನಂತಾಗುತ್ತದೆ, ಅಲ್ಲಿ ನೀರಿಗೆ ಹುಳಿ ಕೊಡುವ ಹೈಡ್ರೋಜನ್ ಅಯಾನುಗಳಿಂದ (ವಿದ್ಯುದಂಶವಿರುವ ಕಣಗಳು) ವೋಲ್ಟೇಜ್ ಹುಟ್ಟುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಪಿಎಚ್ ಅಂಕಿಗೆ ಸುಮಾರು 59 ಮಿಲಿವೋಲ್ಟ್. ಈ ಸಂಕೇತ ತುಂಬಾ ದುರ್ಬಲ. 1934ರಲ್ಲಿ ಕ್ಯಾಲಿಫೋರ್ನಿಯಾದ ಆರ್ನಾಲ್ಡ್ ಬೆಕ್ಮನ್ ನಿಂಬೆರಸದ ಹುಳಿ ಅಳೆಯಲು ಮೀಟರ್ ಮಾಡಿದಾಗ ಅದಕ್ಕೆ ಆಂಪ್ಲಿಫಯರ್ ಸೇರಿಸಬೇಕಾಯಿತು.

ಅಂದರೆ ಮೀಟರ್ ಅಳೆಯುವುದು ವೋಲ್ಟೇಜನ್ನು, ಪಿಎಚ್ ಬರೀ ಲೆಕ್ಕ. ಗಾಜು ಹಳೆಯದಾದಂತೆ ವೋಲ್ಟೇಜ್ ಕುಗ್ಗುತ್ತದೆ, ಲೆಕ್ಕ ತಪ್ಪುತ್ತದೆ. ಕ್ಯಾಲಿಬ್ರೇಶನ್, ಅಂದರೆ ಪಿಎಚ್ ಮೊದಲೇ ಗೊತ್ತಿರುವ ದ್ರಾವಣದಲ್ಲಿ (ಬಫರ್) ಅದ್ದಿ ಮೀಟರಿನ ಲೆಕ್ಕ ಸರಿಪಡಿಸುವುದು, ಬೇಕಾಗುವುದು ಇದಕ್ಕೇ. ಒಂದೇ ಬಫರ್ ಸಾಲದು. 7 ಮತ್ತು 4 ಎರಡೂ ಬೇಕು, ನಮಗೆ ಬೇಕಾದ ಪಿಎಚ್ ಅವುಗಳ ನಡುವೆಯೇ ಇದೆ ಅಲ್ವಾ. ಅಗ್ಗದ ಪೆನ್ನುಗಳ ಜೊತೆ ಬರುವ ಬಫರ್ ಪುಡಿಯ ಪೊಟ್ಟಣದ ಮೇಲೆ ಹೆಚ್ಚಾಗಿ 6.86 ಎಂದಿರುತ್ತದೆ. ಮೀಟರ್ 7.00 ಎಂದು ನಂಬಿಕೊಂಡಿದ್ದರೆ ಆ ತಪ್ಪು ಪ್ರತಿ ಅಳತೆಯಲ್ಲೂ ಸೇರುತ್ತದೆ. ಪೊಟ್ಟಣದ ಅಂಕಿ ಓದಿಯೇ ಮುಂದುವರಿಯಿರಿ. ಬಳಸಿದ ಬಫರನ್ನು ವಾಪಸ್ ಬಾಟಲಿಗೆ ಸುರಿಯಬೇಡಿ.

ಗುಂಡನ್ನು ಆರ್‌ಒ ನೀರಿನಲ್ಲಿ ತೊಳೆದು, ಟಿಶ್ಯೂವನ್ನು ಮೆಲ್ಲಗೆ ಒತ್ತಿ ನೀರು ಹೀರಿಸಿ, ಉಜ್ಜಬೇಡಿ. ಆದರೆ ಆರ್‌ಒ ನೀರಿನಲ್ಲೇ ನೆನೆಸಿಡುವುದು ಅದಕ್ಕೆ ಹಾನಿ. ಕ್ಯಾಪಿನೊಳಗೆ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದ ಕೆಲವು ಹನಿ ಇರಲಿ. ಬರೀ ಆರ್‌ಒ ನೀರನ್ನು ಅಳೆದರೂ ಅಂಕಿ ಒಂದೆಡೆ ನಿಲ್ಲುವುದಿಲ್ಲ, ಅದರಲ್ಲಿ ಅಯಾನುಗಳೇ ಕಡಿಮೆ. ಗೊಬ್ಬರ ಕಲಸಿದ ಮೇಲೆ ಅಳೆಯಿರಿ.

ಇನ್ನು ಬೋರ್‌ವೆಲ್ ನೀರು. ಬೆಂಗಳೂರಿನ ಎಷ್ಟೋ ಬಡಾವಣೆಗಳಿಗೆ ಅದೇ ಗತಿ. ರಾತ್ರಿ ಆಮ್ಲ ಹಾಕಿ 5.8ಕ್ಕೆ ತಂದಿರುತ್ತೀರಿ, ಬೆಳಿಗ್ಗೆ ನೋಡಿದರೆ 6.8. ಮೀಟರ್ ಕೆಟ್ಟಿದೆ ಅಂತ ಬೈಯುವವರೇ ಜಾಸ್ತಿ. ಎಷ್ಟೋ ಸಲ ಎರಡೂ ಅಂಕಿ ಸರಿಯೇ ಇರುತ್ತವೆ. ಗಡಸು ನೀರಿನಲ್ಲಿ ಬೈಕಾರ್ಬೊನೇಟ್ ಇರುತ್ತದೆ. ಆಮ್ಲ ಬಿದ್ದ ಕೂಡಲೇ ಅದು ಇಂಗಾಲದ ಡೈ ಆಕ್ಸೈಡ್ ಆಗುತ್ತದೆ. ಆ ಅನಿಲ ನೀರಿನಲ್ಲಿ ಕರಗಿರುವಷ್ಟು ಹೊತ್ತು ತಾನೂ ಪಿಎಚ್ ಇಳಿಸಿರುತ್ತದೆ. ಏರ್ ಪಂಪಿನ ಗುಳ್ಳೆಗಳ ಜೊತೆ ಅದು ಹೊರಗೆ ಹೋಗುತ್ತಿದ್ದಂತೆ ಪಿಎಚ್ ಮೇಲೇರುತ್ತದೆ. ಉಳಿದ ಬೈಕಾರ್ಬೊನೇಟ್ ಖಾಲಿಯಾಗುವ ತನಕ ಇದೇ ಕತೆ. ಗಿಡ ನೈಟ್ರೇಟ್ ಹೀರುವಾಗಲೂ ಪಿಎಚ್ ನಿಧಾನಕ್ಕೆ ಏರುತ್ತದೆ.

ನನ್ನ ಪ್ರಕಾರ ಇಂಥ ನೀರನ್ನು ನೇರ ತೊಟ್ಟಿಗೆ ತುಂಬಲೇಬಾರದು. ಬಕೆಟ್ಟಿನಲ್ಲೇ ಫಾಸ್ಫಾರಿಕ್ ಆಮ್ಲವನ್ನು ಸ್ವಲ್ಪ ಸ್ವಲ್ಪವೇ ಹಾಕಿ, ರಾತ್ರಿಯಿಡೀ ಗುಳ್ಳೆ ಬಿಟ್ಟು, ಬೆಳಿಗ್ಗೆ ಅಳೆಯಿರಿ. ಯಾವಾಗಲೂ ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರಲ್ಲ. ಕೈಗವಸು ಇರಲಿ. ನಿಂಬೆಹುಳಿ, ವಿನೆಗರ್ ಸಾಕು ಅನ್ನುವವರಿದ್ದಾರೆ. ಅವನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ, ಪಿಎಚ್ ಮತ್ತೆ ಏರುತ್ತದೆ.

ಅಂಕಿಯ ಮೇಲೆ ಅನುಮಾನ ಬಂದರೆ ಮೊದಲು ಮೀಟರನ್ನು 4ರ ಬಫರಿನಲ್ಲಿ ಅದ್ದಿ ನೋಡಿ. 4 ತೋರಿಸಿದರೆ ಹುಡುಕಬೇಕಾದ್ದು ನೀರಿನಲ್ಲಿ. ಕ್ಯಾಲಿಬ್ರೇಟ್ ಮಾಡಿದ ಮೇಲೂ 4ರ ಹತ್ತಿರ ಬರದಿದ್ದರೆ, ಅಥವಾ ನಿಮಿಷಗಟ್ಟಲೆ ಅಲ್ಲಾಡುತ್ತಲೇ ಇದ್ದರೆ, ಆ ಗಾಜಿನ ಆಯಸ್ಸು ಮುಗಿದಿದೆ, ಹೊಸದು ತನ್ನಿ.