ಬ್ರೂಮಿಲಾ ಧಕ್ಕೆಯ ಚಿತ್ರದಲ್ಲಿ ಕಾಣದ ಆಳ

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಕ್ಲೈಡ್ ನದಿಯ ದಂಡೆಗೆ ಬ್ರೂಮಿಲಾ ಎಂಬ ಧಕ್ಕೆಯಿದೆ, ಅಂದರೆ ಹಡಗುಗಳು ಬಂದು ನಿಲ್ಲುವ ಕಟ್ಟೆ. 19ನೆಯ ಶತಮಾನದ ಅಚ್ಚುಚಿತ್ರಗಳಲ್ಲಿ ಅದು ಮತ್ತೆ ಮತ್ತೆ ಎದುರಾಗುತ್ತದೆ. ಒತ್ತೊತ್ತಾಗಿ ನಿಂತ ಕೂವೆಮರಗಳು, ಅವುಗಳ ನಡುವೆ ಹೊಗೆಯುಗುಳುವ ಉಗಿಹಡಗುಗಳು, ದಂಡೆಯ ತುಂಬ ಪೀಪಾಯಿ, ಮೂಟೆ, ಕುದುರೆಗಾಡಿಗಳು. ನೋಡುವವರ ಕಣ್ಣು ಹಡಗುಗಳ ಮೇಲೆಯೇ ನಿಲ್ಲುತ್ತದೆ. ಆದರೆ ಆ ಚಿತ್ರದಲ್ಲಿ ಎಲ್ಲಕ್ಕಿಂತ ಕಷ್ಟಪಟ್ಟು ಕಟ್ಟಿದ ವಸ್ತು ಹಡಗಲ್ಲ, ಅದರ ಕೆಳಗಿರುವ ನೀರು.

1755ರಲ್ಲಿ ಎಂಜಿನಿಯರ್ ಜಾನ್ ಸ್ಮೀಟನ್ ನದಿಯನ್ನು ಅಳೆದಾಗ, ನಗರಕ್ಕೆ ಸಮೀಪದ ಪಾಯಿಂಟ್‌ಹೌಸ್ ಬಳಿ ಕಡಲಿನ ಇಳಿತದ ಹೊತ್ತಿನಲ್ಲಿ ಸಿಕ್ಕಿದ್ದು 15 ಅಂಗುಲ ನೀರು. ಮೊಣಕಾಲು ನೆನೆಯಲೂ ಸಾಲದು! ಅಮೆರಿಕದಿಂದ ಗ್ಲಾಸ್ಗೋ ವರ್ತಕರಿಗೆ ಬರುತ್ತಿದ್ದ ಹೊಗೆಸೊಪ್ಪಿನ ಹಡಗುಗಳು ಸುಮಾರು 30 ಕಿ.ಮೀ. ಕೆಳಗೆಯೇ ನಿಲ್ಲಬೇಕಿತ್ತು. ಅದಕ್ಕಾಗಿಯೇ ನಗರವು 1668ರಲ್ಲಿ ಜಾಗ ಕೊಂಡು ಪೋರ್ಟ್ ಗ್ಲಾಸ್ಗೋ ಎಂಬ ಬಂದರನ್ನು ಕಟ್ಟಿಕೊಂಡಿತ್ತು. ಆ ಹೊಗೆಸೊಪ್ಪನ್ನೂ ಆಮೇಲೆ ಬಂದ ಕೆರಿಬಿಯನ್ ಸಕ್ಕರೆಯನ್ನೂ ಬೆಳೆದವರು ಗುಲಾಮರು. ಚಿತ್ರಕಾರರು ಪೀಪಾಯಿಯನ್ನಷ್ಟೇ ಬರೆದರು.

ಸ್ಮೀಟನ್ ಸೂಚಿಸಿದ್ದು ಅಣೆಕಟ್ಟು ಮತ್ತು ನೀರಿನ ಮಟ್ಟ ಏರಿಸಿ ಇಳಿಸಿ ಹಡಗು ದಾಟಿಸುವ ಲಾಕ್‌ಗೇಟು. 1768ರಲ್ಲಿ ಇಂಗ್ಲೆಂಡಿನ ಚೆಸ್ಟರಿನಿಂದ ಬಂದ ಜಾನ್ ಗೋಲ್‌ಬೋರ್ನ್ ಅದಕ್ಕಿಂತ ಜಾಣ ದಾರಿ ತೋರಿಸಿದ. ತೋಟದ ಪೈಪಿನ ಬಾಯಿಗೆ ಬೆರಳು ಅಡ್ಡ ಹಿಡಿದರೆ ನೀರು ಚಿಮ್ಮುತ್ತದಲ್ಲ, ಅದೇ ಲೆಕ್ಕ. ಎರಡೂ ದಂಡೆಗಳಿಂದ ನದಿಯೊಳಕ್ಕೆ ಕಲ್ಲಿನ ಅಡ್ಡಗೋಡೆಗಳನ್ನು ಚಾಚಿದರೆ ಹರಿವು ಕಿರಿದಾಗುತ್ತದೆ, ಸೆಳೆತ ಹೆಚ್ಚುತ್ತದೆ, ಹೂಳನ್ನು ನದಿಯೇ ಕೊಚ್ಚಿಕೊಂಡು ಹೋಗುತ್ತದೆ. ಸಾಲದ್ದಕ್ಕೆ ತಳವನ್ನು ಕೆರೆದು ಸಡಿಲಿಸಿದರು. ಡಂಬಕ್ ಎಂಬಲ್ಲಿ ಎರಡು ಅಡಿಯಷ್ಟಿದ್ದ ಆಳ 1781ರ ಹೊತ್ತಿಗೆ 14 ಅಡಿಯಾಗಿತ್ತು. ನದಿಯನ್ನೇ ಕೂಲಿಗೆ ಹಚ್ಚಿದ ಈ ಉಪಾಯ ನನಗೆ ಯಾವ ಯಂತ್ರಕ್ಕಿಂತಲೂ ಹೆಚ್ಚು ಮೆಚ್ಚುಗೆಯಾಗುತ್ತದೆ. ಮುಂದೆ ಅಡ್ಡಗೋಡೆಗಳ ತುದಿಗಳನ್ನು ಸೇರಿಸಿ ಉದ್ದಗೋಡೆ ಕಟ್ಟಿದರು. 1824ರಿಂದ ಉಗಿಯಂತ್ರದ ಹೂಳೆತ್ತುವ ದೋಣಿಗಳೂ ಬಂದವು.

ಇಷ್ಟರಲ್ಲಿ, 1812ರಲ್ಲಿ, ಹೆನ್ರಿ ಬೆಲ್‌ನ ‘ಕಾಮೆಟ್’ ಉಗಿಹಡಗು ಗ್ಲಾಸ್ಗೋ ಮತ್ತು ಗ್ರೀನಕ್ ನಡುವೆ ಜನರನ್ನು ಸಾಗಿಸತೊಡಗಿತು. ಅದರ ಹಿಂದೆಯೇ ಚಿತ್ರಕಾರರು ಬಂದರು. ಅವರಲ್ಲಿ ವಿಲಿಯಂ ಡೇನಿಯಲ್ ಒಬ್ಬ. ಚಿಕ್ಕಪ್ಪನೊಂದಿಗೆ ಭಾರತ ಸುತ್ತಿ ಇಲ್ಲಿನ ಕೋಟೆ, ಗುಡಿ, ಘಾಟುಗಳನ್ನು ಬರೆದು ಹೆಸರಾದ ಅದೇ ಡೇನಿಯಲ್. 1814ರಿಂದ 1825ರವರೆಗೆ ಬ್ರಿಟನ್ನಿನ ಕರಾವಳಿಯ 308 ಚಿತ್ರಗಳನ್ನು ಪ್ರಕಟಿಸಿದ ಆತ, ಡಂಬಾರ್ಟನ್ ಬಂಡೆಯ ಬಳಿ ಸಾಗುವ ಉಗಿದೋಣಿಯನ್ನೂ ಅದರಲ್ಲಿ ಸೇರಿಸಿದ. ಅವನದು ಅಕ್ವಾಟಿಂಟ್ ವಿಧಾನ: ತಾಮ್ರದ ತಗಡಿನ ಮೇಲೆ ರಾಳದ ಪುಡಿ ಉದುರಿಸಿ, ಬಿಸಿ ಮಾಡಿ, ಆಮ್ಲಕ್ಕೆ ಕಚ್ಚಿಸುವುದು. ಹೊಗೆ, ಮಂಜು, ನೀರಿನ ಮೇಲ್ಮೈಯ ಬೂದುಛಾಯೆಗಳಿಗೆ ಇದು ಹೇಳಿ ಮಾಡಿಸಿದಂಥದ್ದು. ಗ್ಲಾಸ್ಗೋದ ಕೆತ್ತನೆಗಾರ ಜೋಸೆಫ್ ಸ್ವಾನ್ 1830ರ ಸುಮಾರಿಗೆ ಕ್ಲೈಡ್ ದೃಶ್ಯಗಳ ಮಾಲೆಯನ್ನೇ ಹೊರತಂದ.

ಈ ಚಿತ್ರಗಳಲ್ಲೆಲ್ಲ ನೀರು ನಯವಾಗಿ, ಯಾರ ಹಂಗೂ ಇಲ್ಲದೆ ಹರಿಯುತ್ತದೆ. ತಳದಲ್ಲಿ ಏನಿದೆ ಎಂಬುದು ನಗರಕ್ಕೇ ಪೂರ್ತಿ ಗೊತ್ತಿರಲಿಲ್ಲ. 1854ರಲ್ಲಿ ‘ಗ್ಲಾಸ್ಗೋ’ ಎಂಬ ಹೆಸರಿನದೇ ಹಡಗೊಂದು ಎಲ್ಡರ್ಸ್‌ಲಿ ಬಳಿ ನೆಲಕ್ಕೆ ಬಡಿಯಿತು. ಹುಡುಕಿದಾಗ ನದಿಯ ತಳದಲ್ಲಿ ಹಾಸಿಕೊಂಡ ದೊಡ್ಡ ಬಂಡೆ ಸಿಕ್ಕಿತು. ಅದನ್ನು ಸಿಡಿಸಿ ತೆಗೆಯುವ ಕೆಲಸ 1880ರ ದಶಕದವರೆಗೂ ಎಳೆಯಿತು.