ಕಟ್ ಮೋಷನ್: ಜಾಸ್ತಿ ಕೇಳಲು ನೂರು ರೂಪಾಯಿ ಕಡಿಮೆ ಮಾಡುವ ದಾರಿ

ಒಬ್ಬ ಸಂಸದರು ತಮ್ಮ ಕ್ಷೇತ್ರಕ್ಕೊಂದು ರೈಲ್ವೆ ಮೇಲ್ಸೇತುವೆ ಬೇಕು ಅಂತ ವರ್ಷಗಟ್ಟಲೆ ಕೇಳುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಬಜೆಟ್ ಬಂತು, ಮೇಲ್ಸೇತುವೆಯ ಸುದ್ದಿಯೇ ಇಲ್ಲ. ಆಗ ಅವರು ಲೋಕಸಭೆಗೆ ಒಂದು ಚೀಟಿ ಬರೆದು ಕೊಡುತ್ತಾರೆ: ರೈಲ್ವೆ ಇಲಾಖೆ ಕೇಳಿರುವ ಮೊತ್ತದಲ್ಲಿ 100 ರೂಪಾಯಿ ಕಡಿಮೆ ಮಾಡಬೇಕು.

ಸೇತುವೆಗೆ ಹಣ ಬೇಕು ಅನ್ನುವವರು ಇರುವ ಹಣಕ್ಕೇ ಕತ್ತರಿ ಹಾಕಿ ಅನ್ನುತ್ತಾರಲ್ಲ, ಇದೆಂಥ ತಮಾಷೆ ಅನಿಸುತ್ತದೆ ಅಲ್ವಾ? ತಮಾಷೆಯಲ್ಲ. ಇದರ ಹೆಸರು ಕಟ್ ಮೋಷನ್, ಕನ್ನಡದಲ್ಲಿ ಕಡಿತ ಸೂಚನೆ. ನಿಲುವಳಿ ಸೂಚನೆ ಎಂಬ ಮಾತನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. ಇದೂ ಅದೇ ಮನೆಯ ಪದ. 'ಖೋತಾ' ಎಂದೂ ಕೆಲವರು ಅನುವಾದಿಸಬಹುದು, ಆದರೆ ಖೋತಾ ಬಜೆಟ್ ಎಂದರೆ ಬೇರೆಯೇ ವಿಷಯ, ಆದಾಯಕ್ಕಿಂತ ಖರ್ಚು ಹೆಚ್ಚಿರುವ ಬಜೆಟ್. ಹಾಗಾಗಿ ಕಡಿತ ಎನ್ನುವುದೇ ವಾಸಿ.

ಈ ನೂರು ರೂಪಾಯಿಯ ಗುಟ್ಟು ತಿಳಿಯಬೇಕಾದರೆ ಸಂಸದರ ಕೈಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಮೊದಲು ನೋಡಬೇಕು.

ನಮ್ಮ ಸಂವಿಧಾನದಲ್ಲಿ ಬಜೆಟ್ ಎಂಬ ಪದವೇ ಇಲ್ಲ. 112ನೇ ವಿಧಿ ಅದನ್ನು ವಾರ್ಷಿಕ ಹಣಕಾಸು ವಿವರ ಪತ್ರ ಎನ್ನುತ್ತದೆ. ಅದರಲ್ಲಿರುವ ಖರ್ಚು ಇಲಾಖೆವಾರು 'ಅನುದಾನ ಬೇಡಿಕೆ'ಗಳಾಗಿ ಲೋಕಸಭೆಯ ಮುಂದೆ ಬರುತ್ತದೆ. ಬೇಡಿಕೆ ಎಂಬ ಪದವನ್ನು ಗಮನಿಸಿ. ಇಲ್ಲಿ ಕೇಳುವವರು ಸರ್ಕಾರ, ಕೊಡುವವರು ಸದನ. ಈಗ ಇಂಥ ಬೇಡಿಕೆಗಳು ನೂರರ ಆಸುಪಾಸಿನಲ್ಲಿರುತ್ತವೆ. ಬೇಡಿಕೆ ಬಂದಾಗ ಸದನ ಏನು ಮಾಡಬಹುದು? 113ನೇ ವಿಧಿ ಮೂರು ದಾರಿ ಕೊಡುತ್ತದೆ. ಒಪ್ಪಬಹುದು. ನಿರಾಕರಿಸಬಹುದು. ಮೊತ್ತವನ್ನು ಕಡಿಮೆ ಮಾಡಿ ಒಪ್ಪಬಹುದು. ಅಷ್ಟೇ. ಹೆಚ್ಚು ಮಾಡುವ ದಾರಿ ಇಲ್ಲವೇ ಇಲ್ಲ. ರಾಷ್ಟ್ರಪತಿಯ ಶಿಫಾರಸು ಇಲ್ಲದೆ ಯಾವ ಅನುದಾನ ಬೇಡಿಕೆಯೂ ಬರುವಂತಿಲ್ಲ, ಆ ಶಿಫಾರಸು ಬರುವುದು ಸರ್ಕಾರದ ಸಲಹೆಯ ಮೇಲೆ. ಅಂದರೆ ಖರ್ಚಿನ ಪ್ರಸ್ತಾಪ ಸರ್ಕಾರದ್ದೇ ಆಗಿರಬೇಕು.

ಒಂದು ರೀತಿಯಲ್ಲಿ ಇದು ಸರಿಯೂ ಹೌದು. 543 ಸದಸ್ಯರು ತಂತಮ್ಮ ಕ್ಷೇತ್ರಕ್ಕೆ ಇಷ್ಟಿಷ್ಟು ಸೇರಿಸಿ ಅಂತ ಹೊರಟರೆ ಲೆಕ್ಕ ಎಲ್ಲಿಗೆ ಹೋಗಿ ನಿಲ್ಲುತ್ತದೆ? ಆದರೆ ಇದರಿಂದ ಜಾಸ್ತಿ ಹಣ ಬೇಕು ಎನ್ನುವ ಸದಸ್ಯರಿಗೆ ಬೇಡಿಕೆಯ ಮೊತ್ತವನ್ನು ತಿದ್ದಲು ಉಳಿಯುವುದು ಒಂದೇ ಬಾಗಿಲು, ಕಡಿಮೆ ಮಾಡಿ ಎನ್ನುವ ಬಾಗಿಲು. ಅದರ ಒಳಗೆ ಕಾಲಿಟ್ಟ ಮೇಲೆ ಹೇಳಬೇಕಾದದ್ದನ್ನು ಹೇಳಬಹುದು. ನೂರು ರೂಪಾಯಿ ಎಂಬುದು ಒಳಗೆ ಹೋಗುವ ಟಿಕೆಟ್ ಇದ್ದಂತೆ.

ಲೋಕಸಭೆಯ ಕಾರ್ಯವಿಧಾನದ 209ನೇ ನಿಯಮದಲ್ಲಿ ಕಡಿತ ಸೂಚನೆಯ ಮೂರು ಬಗೆಗಳಿವೆ. ಮೇಲೆ ಹೇಳಿದ ನೂರು ರೂಪಾಯಿಯದು ಸಾಂಕೇತಿಕ ಕಡಿತ. ಒಂದು ನಿರ್ದಿಷ್ಟ ಅಹವಾಲನ್ನು ಸದನದ ಮುಂದಿಡುವುದಷ್ಟೇ ಅದರ ಕೆಲಸ. ಆ ಅಹವಾಲು ಭಾರತ ಸರ್ಕಾರದ ಹೊಣೆಯೊಳಗೆ ಬರುವಂಥದ್ದಾಗಿರಬೇಕು, ಮಾತೂ ಅದರ ಸುತ್ತಲೇ ಇರಬೇಕು. ಎರಡನೆಯದು ಮಿತವ್ಯಯದ ಕಡಿತ. ಇಷ್ಟು ಹಣ ದಂಡ, ಇಂತಿಷ್ಟು ಇಳಿಸಿ ಎಂದು ನಿಜವಾದ ಮೊತ್ತವನ್ನೇ ಹೇಳುವುದು. ದುಂದುವೆಚ್ಚ ಎಲ್ಲಿದೆ, ಹೇಗೆ ಉಳಿಸಬಹುದು ಎಂಬುದರ ಬಗ್ಗೆ ಮಾತ್ರ ಇಲ್ಲಿ ಮಾತಾಡಬೇಕು.

ಮೂರನೆಯದು ಎಲ್ಲಕ್ಕಿಂತ ಖಾರ. ಇಲಾಖೆ ಎಷ್ಟೇ ಸಾವಿರ ಕೋಟಿ ಕೇಳಿರಲಿ, ಅದನ್ನು 1 ರೂಪಾಯಿಗೆ ಇಳಿಸಿ ಎನ್ನುವುದು. ಇದು ನೀತಿಯನ್ನೇ ಒಪ್ಪದ ಕಡಿತ. ನಿಮ್ಮ ದಾರಿಯೇ ತಪ್ಪು, ಅದರ ಬೆಲೆ ನಮ್ಮ ಲೆಕ್ಕದಲ್ಲಿ ಒಂದು ರೂಪಾಯಿ ಎಂದ ಹಾಗೆ. ಯಾವ ನೀತಿ ಒಪ್ಪಿಗೆಯಿಲ್ಲ ಎಂಬುದನ್ನು ಸೂಚನೆಯಲ್ಲೇ ಸ್ಪಷ್ಟವಾಗಿ ಬರೆಯಬೇಕು. ಬದಲಿ ನೀತಿ ಏನಿರಬೇಕು ಎಂದು ವಾದಿಸಲೂ ಅವಕಾಶ ಇದೆ. ಹಾಗಾಗಿ ಆರ್ಥಿಕ ನೀತಿಯ ಬಗ್ಗೆ ಗಂಭೀರವಾಗಿ ಮಾತಾಡಬೇಕು ಎನ್ನುವ ಸದಸ್ಯರಿಗೆ ನಿಜವಾದ ಅಖಾಡ ಇದೇ ಅಂತ ನನಗನಿಸುತ್ತದೆ. ಬಜೆಟ್ಟಿನ ಸಾಮಾನ್ಯ ಚರ್ಚೆಯಲ್ಲಿ ಎಲ್ಲರೂ ಎಲ್ಲದರ ಬಗ್ಗೆಯೂ ಮಾತಾಡುತ್ತಾರೆ, ಆದರೆ ಆ ಹಂತದಲ್ಲಿ ಯಾವ ಸೂಚನೆಯನ್ನೂ ಮಂಡಿಸುವಂತಿಲ್ಲ, ಮತಕ್ಕೂ ಹಾಕುವುದಿಲ್ಲ. ಅನುದಾನ ಬೇಡಿಕೆಯ ಹಂತಕ್ಕೆ ಬಂದಾಗ ಮಾತಿಗೆ ಮೊತ್ತವೂ ಅಂಟಿಕೊಳ್ಳುತ್ತದೆ, ಮತವೂ ಅಂಟಿಕೊಳ್ಳುತ್ತದೆ.

ಹೀಗೆಂದು ಮನಸ್ಸಿಗೆ ಬಂದದ್ದನ್ನೆಲ್ಲ ಸೂಚನೆಯಾಗಿ ಕೊಡಲಾಗದು. 210ನೇ ನಿಯಮದ ಜರಡಿ ಬಲು ಸಣ್ಣದು. ಒಂದು ಸೂಚನೆ ಒಂದೇ ಬೇಡಿಕೆಗೆ ಸೇರಿರಬೇಕು. ಅದರಲ್ಲಿ ವಾದ ಇರಬಾರದು, ವ್ಯಂಗ್ಯ ಇರಬಾರದು, ಬಿರುದು ಕೊಟ್ಟು ಬಯ್ಯಬಾರದು. (ವ್ಯಂಗ್ಯಕ್ಕೆ ನಿಷೇಧ ಸೂಚನೆಯ ಬರಹಕ್ಕೆ ಮಾತ್ರ. ಭಾಷಣಕ್ಕೂ ಇದ್ದಿದ್ದರೆ ಸದನ ಭಣಗುಡುತ್ತಿತ್ತು.) ಇರುವ ಕಾನೂನನ್ನು ತಿದ್ದಿ ಅಥವಾ ರದ್ದು ಮಾಡಿ ಎಂದು ಹೇಳುವಂತಿಲ್ಲ. ಕೋರ್ಟಿನ ಮುಂದಿರುವ ವಿಷಯ ಬೇಡ. ಕ್ಷುಲ್ಲಕ ವಿಷಯವೂ ಬೇಡ. ಬೇಡಿಕೆ ಚರ್ಚೆಗೆ ಬರುವುದಕ್ಕೆ ಒಂದು ದಿನ ಮುಂಚೆಯೇ ಸೂಚನೆ ಕೊಟ್ಟಿರಬೇಕು, ಇಲ್ಲದಿದ್ದರೆ ಯಾವ ಸದಸ್ಯರಾದರೂ ಆಕ್ಷೇಪ ಎತ್ತಬಹುದು.

ಇನ್ನೊಂದು ದೊಡ್ಡ ಬೇಲಿ ಇದೆ. ಕೆಲವು ಖರ್ಚುಗಳನ್ನು ಸಂವಿಧಾನವೇ ನೇರವಾಗಿ ಸಂಚಿತ ನಿಧಿಯ, ಅಂದರೆ ಸರ್ಕಾರದ ಮುಖ್ಯ ಖಜಾನೆಯ, ಮೇಲೆ ಹೊರಿಸಿಬಿಟ್ಟಿದೆ. ರಾಷ್ಟ್ರಪತಿಯ ವೇತನ, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ಸಂಬಳ, ಮಹಾಲೇಖಪಾಲರ ಸಂಬಳ ಇಂಥವು. ಇವುಗಳ ಬಗ್ಗೆ ಸದನ ಮಾತಾಡಬಹುದು, ಮತ ಹಾಕುವಂತಿಲ್ಲ, ಕಡಿತವನ್ನೂ ಕೇಳುವಂತಿಲ್ಲ. ಸಂಬಳದ ಮಟ್ಟಿಗೆ ಸರಿ ಬಿಡಿ, ಅವರ ಸ್ವಾತಂತ್ರ್ಯಕ್ಕೆ ಅದು ಬೇಕು. ಆದರೆ ಈ ಪಟ್ಟಿಯಲ್ಲಿ ಸರ್ಕಾರದ ಸಾಲದ ಬಡ್ಡಿಯೂ ಇದೆ. 2024ರ ಜುಲೈನಲ್ಲಿ ಮಂಡಿಸಿದ ಬಜೆಟ್ಟಿನಲ್ಲಿ ಒಟ್ಟು ಖರ್ಚಿನ ಅಂದಾಜು ಸುಮಾರು 48.2 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಬಡ್ಡಿಯೊಂದೇ ಸುಮಾರು 11.6 ಲಕ್ಷ ಕೋಟಿ. ಅಂದರೆ ಹೆಚ್ಚುಕಡಿಮೆ ನಾಲ್ಕನೇ ಒಂದು ಪಾಲು ಮತದ ಕೈಗೆ ಸಿಗುವುದೇ ಇಲ್ಲ. ಹಿಂದೆ ಮಾಡಿದ ಸಾಲಕ್ಕೆ ಇಂದು ಬಡ್ಡಿ ಕಟ್ಟಲೇಬೇಕು, ಬೇರೆ ದಾರಿಯಿಲ್ಲ. ಸಾಲ ಮಾಡುವ ನೀತಿಯನ್ನು ಪ್ರಶ್ನಿಸಬೇಕು ಅಂದರೆ ಬೇರೆ ಬಾಗಿಲು ಹುಡುಕಬೇಕು.

ನೂರು ರೂಪಾಯಿಗೆ ಒಬ್ಬ ಅಜ್ಜ ಇದ್ದಾನೆ, ಬ್ರಿಟನ್ನಿನ ನೂರು ಪೌಂಡು. ಜನರ ದೂರು ಕೇಳದೆ ರಾಜನಿಗೆ ಹಣ ಇಲ್ಲ ಎಂಬ ಹಳೆಯ ರೂಢಿಯಿಂದ ಬೆಳೆದದ್ದು ಅದು. ಬೆಲೆ ನೂರೇ ಆದರೂ ಪೆಟ್ಟು ಸಣ್ಣದಲ್ಲ. 1895ರ ಜೂನ್ 21ರಂದು ಅಲ್ಲಿನ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ ಯುದ್ಧ ಸಚಿವ ಹೆನ್ರಿ ಕ್ಯಾಂಪ್‌ಬೆಲ್-ಬ್ಯಾನರ್‌ಮನ್ ಅವರ ಸಂಬಳದಲ್ಲಿ 100 ಪೌಂಡು ಕಡಿಮೆ ಮಾಡಿ ಎಂಬ ಸೂಚನೆ ಬಂತು. ದೂರು ಇದ್ದದ್ದು ಸೈನ್ಯದ ಬಳಿ ಕಾರ್ಡೈಟ್ ಎಂಬ ಸಿಡಿಮದ್ದಿನ ದಾಸ್ತಾನು ಸಾಲದು ಎಂದು. ಸರ್ಕಾರ 7 ಮತಗಳಿಂದ ಸೋತಿತು. ಪ್ರಧಾನಿ ರೋಸ್‌ಬರಿ ಅವರ ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು.

ನಮ್ಮಲ್ಲಿ ಈ ಅಧಿಕಾರ ಬಂದದ್ದು ಬ್ರಿಟಿಷರ ಕಾಲದಲ್ಲಿ, 1919ರ ಭಾರತ ಸರ್ಕಾರ ಕಾಯ್ದೆಯ ನಂತರ. ಅದೂ ಅರ್ಧಂಬರ್ಧ. 1924ರಲ್ಲಿ ಮೋತಿಲಾಲ್ ನೆಹರೂ ಅವರ ನೇತೃತ್ವದ ಸ್ವರಾಜ್ಯ ಪಕ್ಷ ಕೇಂದ್ರ ಶಾಸನಸಭೆಯಲ್ಲಿ ಬೇರೆಯವರನ್ನೂ ಜೊತೆ ಸೇರಿಸಿಕೊಂಡು ಕೆಲವು ಬೇಡಿಕೆಗಳನ್ನು ಸೋಲಿಸಿತು, ಹಣಕಾಸು ಮಸೂದೆಯನ್ನೂ ತಿರಸ್ಕರಿಸಿತು. ಸಭೆ ಬೇಡ ಎಂದದ್ದನ್ನು ಊರ್ಜಿತ ಮಾಡುವ ವಿಶೇಷ ಅಧಿಕಾರ ಗವರ್ನರ್ ಜನರಲ್ ಕೈಯಲ್ಲಿತ್ತು, ಹಾಗಾಗಿ ಆಡಳಿತ ನಿಲ್ಲಲಿಲ್ಲ. ಆದರೆ ಈ ಸರ್ಕಾರಕ್ಕೆ ಜನಪ್ರತಿನಿಧಿಗಳ ಒಪ್ಪಿಗೆ ಇಲ್ಲ ಎಂಬುದು ದಾಖಲೆಗೆ ಬಿತ್ತು.

ಸ್ವತಂತ್ರ ಭಾರತದಲ್ಲಿ ಅಂಥ ಗವರ್ನರ್ ಜನರಲ್ ಇಲ್ಲ. ಲೋಕಸಭೆಯಲ್ಲಿ ಕಡಿತ ಸೂಚನೆ ಗೆದ್ದರೆ ಸರ್ಕಾರಕ್ಕೆ ಬಹುಮತ ಇಲ್ಲ ಎಂದೇ ಅರ್ಥ. ಹಾಗಾಗಿ ಆಳುವ ಪಕ್ಷ ನೂರು ರೂಪಾಯಿಯನ್ನೂ ಬಿಟ್ಟುಕೊಡುವುದಿಲ್ಲ. ಸೂಚನೆಗಳು ಸೋಲುವುದೇ ರೂಢಿ.

ಸೋತರೂ ಅವು ಏನೆಲ್ಲ ಮಾಡಬಲ್ಲವು ಎನ್ನುವುದಕ್ಕೆ 2010ರ ಏಪ್ರಿಲ್ 27 ಒಳ್ಳೆಯ ಉದಾಹರಣೆ. ಆಗ ಯುಪಿಎ ಎರಡನೇ ಅವಧಿ, ಪ್ರಣವ್ ಮುಖರ್ಜಿ ಹಣಕಾಸು ಸಚಿವರು. ಆ ವರ್ಷದ ಬಜೆಟ್ ಪೆಟ್ರೋಲ್, ಡೀಸೆಲ್ ಮೇಲಿನ ಸುಂಕ ಏರಿಸಿತ್ತು. ಬೆಲೆ ಏರಿಕೆಯ ಬಿಸಿ ಎಲ್ಲೆಡೆ ಇತ್ತು. ಅದೇ ದಿನ ಎಡಪಕ್ಷಗಳೂ ಇತರ ಕೆಲವು ಪಕ್ಷಗಳೂ ಬಂದ್‌ಗೆ ಕರೆ ಕೊಟ್ಟಿದ್ದವು. ಸದನದ ಒಳಗೆ ಬಿಜೆಪಿ ಮತ್ತು ಎಡಪಕ್ಷಗಳು, ಬೇರೆ ಹೊತ್ತಿನಲ್ಲಿ ಎಣ್ಣೆ ಸೀಗೆಕಾಯಿ ಅನ್ನುವಂತಿದ್ದವರು, ಕಡಿತ ಸೂಚನೆಯ ಪರ ಒಂದೇ ಕಡೆ ನಿಂತರು. ಮತ ಎಣಿಸಿದಾಗ ಪರ 201, ವಿರುದ್ಧ 289. ಸರ್ಕಾರ ಆರಾಮಾಗಿ ಪಾರಾಯಿತು. ಮಾಯಾವತಿ ಅವರ ಬಿಎಸ್‌ಪಿ ಸರ್ಕಾರದ ಕೈಹಿಡಿಯಿತು. ಸಮಾಜವಾದಿ ಪಕ್ಷ ಮತ್ತು ಆರ್‌ಜೆಡಿ ಮತ ಹಾಕದೆ ಹೊರನಡೆದವು.

ಸ್ವಾರಸ್ಯ ಇರುವುದು ಮುಂದೆ. ಜಾರ್ಖಂಡ್ ಮುಖ್ಯಮಂತ್ರಿ ಶಿಬು ಸೊರೇನ್ ಆಗ ಸಂಸದರೂ ಆಗಿದ್ದರು. ರಾಂಚಿಯಲ್ಲಿ ಅವರ ಸರ್ಕಾರ ನಿಂತಿದ್ದು ಬಿಜೆಪಿ ಬೆಂಬಲದ ಮೇಲೆ. ದೆಹಲಿಯಲ್ಲಿ ಅವರು ಮತ ಹಾಕಿದ್ದು ಯುಪಿಎ ಕಡೆಗೆ! ಬಿಜೆಪಿ ಸಿಟ್ಟಾಗಿ ಬೆಂಬಲ ವಾಪಸ್ ಪಡೆಯುವ ತೀರ್ಮಾನ ಮಾಡಿತು. ವಾರಗಟ್ಟಲೆ ಹಗ್ಗಜಗ್ಗಾಟ ನಡೆದು, ಮೇ ಕೊನೆಗೆ ಸೊರೇನ್ ರಾಜೀನಾಮೆ ಕೊಟ್ಟರು, ಜಾರ್ಖಂಡಿಗೆ ರಾಷ್ಟ್ರಪತಿ ಆಳ್ವಿಕೆ ಬಂತು. ಬೀಳಿಸಲು ಹೊರಟದ್ದು ಒಂದು ಸರ್ಕಾರವನ್ನು, ಬಿದ್ದದ್ದು ಇನ್ನೊಂದು.

ಇಷ್ಟು ಓದಿ, ಆಳುವ ಪಕ್ಷದ ಸಂಸದರಿಗೂ ಮನಸ್ಸಿದ್ದರೆ ಕಡಿತದ ಪರ ಮತ ಹಾಕಬಹುದಲ್ಲ ಅಂತ ಕೇಳಬಹುದು. ಹಾಕಬಹುದು, ಆದರೆ ಸದಸ್ಯತ್ವದ ಆಸೆ ಬಿಡಬೇಕಾದೀತು. 1985ರಲ್ಲಿ ಪಕ್ಷಾಂತರ ತಡೆಗೆ ಸಂವಿಧಾನದ ಹತ್ತನೇ ಅನುಸೂಚಿ ಬಂದ ಮೇಲೆ, ವಿಪ್, ಅಂದರೆ ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ, ಮೀರಿ ಮತ ಹಾಕಿದರೆ ಅನರ್ಹತೆಯ ಕತ್ತಿ ತಲೆ ಮೇಲೆ ತೂಗುತ್ತದೆ. ನನ್ನ ಪ್ರಕಾರ ಆರ್ಥಿಕ ನೀತಿಯ ಚರ್ಚೆ ಸೊರಗಿರುವುದಕ್ಕೆ ಇದೂ ಒಂದು ಕಾರಣ. ಭಾಷಣ ಎಷ್ಟೇ ಚೆನ್ನಾಗಿರಲಿ, ಎದುರಿಗೆ ಕೂತವರ ಮತ ಮೊದಲೇ ಬರೆದಿಟ್ಟಾಗಿದೆ ಅಂದಮೇಲೆ ಯಾರ ಮನಸ್ಸು ಬದಲಿಸಲು ಮಾತಾಡಬೇಕು?

ರಾಜ್ಯಸಭೆಯವರಿಗೆ ಈ ಕತ್ತರಿಯೂ ಇಲ್ಲ. ಅನುದಾನ ಬೇಡಿಕೆಗೆ ಮತ ಹಾಕುವ ಹಕ್ಕು ಲೋಕಸಭೆಗೆ ಮಾತ್ರ. ರಾಜ್ಯದಲ್ಲೂ ಅಷ್ಟೇ: 203ನೇ ವಿಧಿಯ ಪ್ರಕಾರ ಬೇಡಿಕೆ ಬರುವುದು ವಿಧಾನಸಭೆಗೆ, ವಿಧಾನ ಪರಿಷತ್ತಿಗೆ ಅಲ್ಲ. ರಾಜ್ಯಸಭಾ ಸದಸ್ಯರಿಗೆ ಬೇಡಿಕೆಗಳ ಒಳಹೊಕ್ಕು ನೋಡಲು ಸಿಗುವ ಜಾಗ ಎಂದರೆ 1993ರಲ್ಲಿ ಶುರುವಾದ ಇಲಾಖಾವಾರು ಸ್ಥಾಯಿ ಸಮಿತಿಗಳು. ಈಗ ಇವು 24 ಇವೆ, ಒಂದೊಂದರಲ್ಲಿ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರು. ಬಜೆಟ್ ಅಧಿವೇಶನದ ಮಧ್ಯದ ಬಿಡುವಿನಲ್ಲಿ ಇವರು ಅಧಿಕಾರಿಗಳನ್ನು ಎದುರು ಕೂರಿಸಿಕೊಂಡು ಲೆಕ್ಕ ಕೇಳುತ್ತಾರೆ. ಆದರೆ ಕಡಿತ ಸೂಚನೆಯಂಥ ಯಾವುದನ್ನೂ ಸಮಿತಿಯ ವರದಿ ಹೇಳಬಾರದು ಎಂದು ನಿಯಮವೇ ಇದೆ. ಲೆಕ್ಕವನ್ನು ಹತ್ತಿರದಿಂದ ನೋಡಿದವರು ಕತ್ತರಿ ಮುಟ್ಟುವಂತಿಲ್ಲ, ಇದು ನನಗೆ ಇವತ್ತಿಗೂ ವಿಚಿತ್ರ ಅನಿಸುತ್ತದೆ.

ಸದನದಲ್ಲಿ ಇದು ನಡೆಯುವ ರೀತಿ ಹೊರಗಿನವರಿಗೆ ಸಪ್ಪೆ ಅನಿಸಬಹುದು. ಸೂಚನೆಗಳಿಗೆಲ್ಲ ಕ್ರಮಸಂಖ್ಯೆ ಕೊಟ್ಟು ಪಟ್ಟಿ ಹಂಚಿರುತ್ತಾರೆ. ಒಂದು ಇಲಾಖೆಯ ಬೇಡಿಕೆ ಚರ್ಚೆಗೆ ಬಂದಾಗ, ತಮ್ಮ ಯಾವ ಯಾವ ಸೂಚನೆ ಮಂಡಿಸುತ್ತೇವೆ ಎಂದು ಸದಸ್ಯರು 15 ನಿಮಿಷದೊಳಗೆ ಚೀಟಿ ಕಳಿಸಬೇಕು. ಚೀಟಿ ಬಂದರೆ ಸೂಚನೆ ಮಂಡನೆಯಾದಂತೆ. ಚರ್ಚೆ ನಡೆಯುತ್ತದೆ, ಸಚಿವರು ಉತ್ತರ ಕೊಡುತ್ತಾರೆ. ಆಮೇಲೆ ಸ್ಪೀಕರ್ ಕಡಿತ ಸೂಚನೆಗಳನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕುತ್ತಾರೆ, 'ಇಲ್ಲ' ಎನ್ನುವ ಧ್ವನಿ ಗೆಲ್ಲುತ್ತದೆ, ಬೇಡಿಕೆ ಪಾಸಾಗುತ್ತದೆ. ಮೇಲ್ಸೇತುವೆಯ ಸಂಸದರಿಗೆ ಸಿಗುವುದು ಆ ನಡುವಿನ ಕೆಲವು ನಿಮಿಷ ಮತ್ತು ಸಚಿವರು ಉತ್ತರದಲ್ಲಿ ಹೇಳಬಹುದಾದ ಒಂದೆರಡು ವಾಕ್ಯ. ಆ ವಾಕ್ಯ ಸದನದ ದಾಖಲೆಯಲ್ಲಿ ಉಳಿಯುತ್ತದೆ. ಮುಂದಿನ ವರ್ಷ ಅದನ್ನೇ ಹಿಡಿದು ಕೇಳಬಹುದು.

ಅದೂ ಚರ್ಚೆ ನಡೆದರೆ. ನೂರರ ಆಸುಪಾಸಿನ ಬೇಡಿಕೆಗಳಲ್ಲಿ ಕೆಲವನ್ನಷ್ಟೇ ಚರ್ಚೆಗೆ ಎತ್ತಿಕೊಳ್ಳುತ್ತಾರೆ. ಕೊನೆಯ ದಿನ ನಿಗದಿಯಾದ ಗಂಟೆಗೆ ಸ್ಪೀಕರ್ ಉಳಿದ ಎಲ್ಲವನ್ನೂ ಒಂದೇ ಏಟಿಗೆ ಮತಕ್ಕೆ ಹಾಕುತ್ತಾರೆ. ಅದಕ್ಕೆ ಫ್ರಾನ್ಸಿನ ತಲೆ ಕಡಿಯುವ ಯಂತ್ರದ ಹೆಸರನ್ನೇ ಇಟ್ಟಿದ್ದಾರೆ, ಗಿಲೊಟಿನ್. 2018ರ ಮಾರ್ಚ್ 14ರಂದು ಹೀಗೇ ಆಯಿತು, ಒಂದು ಬೇಡಿಕೆಯೂ ಚರ್ಚೆಯಾಗಲಿಲ್ಲ. 2023ರ ಮಾರ್ಚ್ 23ರಂದು ಮತ್ತೆ ಅದೇ. ಎರಡೂ ಕಡೆಯ ಘೋಷಣೆಗಳ ನಡುವೆ ಸುಮಾರು 45 ಲಕ್ಷ ಕೋಟಿ ರೂಪಾಯಿಯ ಖರ್ಚಿಗೆ ಲೋಕಸಭೆ ಚರ್ಚೆಯೇ ಇಲ್ಲದೆ ಒಪ್ಪಿಗೆ ಕೊಟ್ಟಿತು. ಆ ವರ್ಷ ನೂರು ರೂಪಾಯಿಯ ಮೇಲೂ ಯಾರೂ ಮಾತಾಡಲಿಲ್ಲ.