ಮಕ್ಕಳಿಗೆ ಮೊನಾರ್ಕ್ ಚಿಟ್ಟೆ: ಪಾಠ ಎಲೆಯಿಂದ ಶುರುವಾಗಲಿ

ಮೊನಾರ್ಕ್ ಅಂದ ಕೂಡಲೇ ನಾವು ಮಕ್ಕಳಿಗೆ ಕಿತ್ತಳೆ ಬಣ್ಣದ ರೆಕ್ಕೆಯ ಚಿತ್ರ ತೋರಿಸುತ್ತೇವೆ. ನನ್ನ ಪ್ರಕಾರ ಮೊದಲು ತೋರಿಸಬೇಕಾದ್ದು ಎಲೆ. ಉತ್ತರ ಅಮೆರಿಕದ ಈ ಚಿಟ್ಟೆಯ ಮರಿಹುಳು ತಿನ್ನುವುದು ಮಿಲ್ಕ್‌ವೀಡ್ ಜಾತಿಯ ಗಿಡಗಳನ್ನು ಮಾತ್ರ. ಎಲೆ ಮುರಿದರೆ ಬಿಳಿ ಹಾಲು ಸುರಿಯುತ್ತದೆ. ನಮ್ಮ ಎಕ್ಕದ ಗಿಡವೂ ಅದೇ ಕುಟುಂಬದ್ದು. ಹಾಗಾಗಿ ನಮ್ಮ ಮಕ್ಕಳಿಗೆ ಹೇಳುವುದು ಸುಲಭ.

ತಾಯಿ ಚಿಟ್ಟೆ ಸಾಮಾನ್ಯವಾಗಿ ಎಲೆಯ ಅಡಿಯಲ್ಲಿ ಬಿಡಿಬಿಡಿಯಾಗಿ ಮೊಟ್ಟೆ ಇಡುತ್ತದೆ. ಸುಮಾರು 4 ದಿನಕ್ಕೆ ಹುಳು ಹೊರಬರುತ್ತದೆ. ಅದರ ಮೊದಲ ಊಟ ತನ್ನದೇ ಮೊಟ್ಟೆಯ ಸಿಪ್ಪೆ! ಆಮೇಲೆ ಎಲೆಗೆ ಬಾಯಿ ಹಾಕುತ್ತದೆ. ಆದರೆ ಆ ಹಾಲು ಸಿಕ್ಕಾಪಟ್ಟೆ ಅಂಟು. ಎಳೆ ಹುಳು ಅದರಲ್ಲಿ ಸಿಕ್ಕಿಕೊಂಡು ಸತ್ತೇ ಹೋಗಬಹುದು. ಅದಕ್ಕೇ ಅದು ಮೊದಲು ಎಲೆಯ ಮೇಲೆ ದುಂಡಗೆ ಕಚ್ಚುತ್ತಾ ಹೋಗಿ, ಹಾಲು ಬರುವ ದಾರಿಯನ್ನು ಕಡಿದು, ಆಮೇಲೆ ನಡುವಿನ ಭಾಗ ತಿನ್ನುತ್ತದೆ. ದೊಡ್ಡದಾದ ಮೇಲೆ ಎಲೆಯ ತೊಟ್ಟನ್ನೇ ಅರ್ಧ ಕಚ್ಚಿಬಿಡುತ್ತದೆ. ಎಲೆ ಜೋತು ಬೀಳುತ್ತದೆ, ಹಾಲು ನಿಲ್ಲುತ್ತದೆ. ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಿ. ಮಕ್ಕಳು ತಾವಾಗಿಯೇ ಪ್ರಶ್ನೆ ಕೇಳುತ್ತಾರೆ.

ಹಾಲಿನಲ್ಲಿ ಹೃದಯಕ್ಕೆ ಕೆಡುಕು ಮಾಡುವ ವಿಷವೂ ಇದೆ. ಹುಳು ಅದನ್ನು ಮೈಯಲ್ಲೇ ಕೂಡಿಟ್ಟುಕೊಳ್ಳುತ್ತದೆ. ಚಿಟ್ಟೆಯಾದ ಮೇಲೂ ಅದು ಉಳಿಯುತ್ತದೆ. ಬ್ಲೂ ಜೇ ಹಕ್ಕಿ ಒಮ್ಮೆ ಇಂಥ ಚಿಟ್ಟೆ ತಿಂದು ವಾಂತಿ ಮಾಡಿಕೊಂಡರೆ ಮತ್ತೆ ಆ ಬಣ್ಣದ ಹತ್ತಿರ ಸುಳಿಯುವುದಿಲ್ಲ. ಈಗ ರೆಕ್ಕೆಯ ಚಿತ್ರ ತೋರಿಸಿ. ಆ ಕಿತ್ತಳೆ ಬಣ್ಣ ಯಾಕಿದೆ ಅಂತ ಮಕ್ಕಳೇ ಹೇಳಲಿ.

ಒಂದು ಕಡೆ ಎಚ್ಚರ ಬೇಕು. ರೇಷ್ಮೆಗೂಡು ನೋಡಿದ ಮಕ್ಕಳು ಇದೂ ಗೂಡು ಕಟ್ಟುತ್ತದೆ ಅಂದುಕೊಳ್ಳುತ್ತಾರೆ, ಸಹಜ ಅಲ್ವಾ? ಆದರೆ ಮೊನಾರ್ಕ್ ಹುಳು ಚಿಟಿಕೆ ರೇಷ್ಮೆಯನ್ನು ಅಂಟಿಸಿ, ಅದಕ್ಕೆ ತಲೆಕೆಳಗಾಗಿ ನೇತುಬೀಳುತ್ತದೆ, ಅಷ್ಟೇ. ಪೊರೆ ಬಿರಿದು ಕಳಚಿದಾಗ ಒಳಗಿನಿಂದಲೇ ಹಸಿರು ಕೋಶ (ಪ್ಯೂಪಾ) ಕಾಣಿಸುತ್ತದೆ, ಮೇಲೆ ಬಂಗಾರದ ಚುಕ್ಕಿಗಳು.

ವಲಸೆಯ ಬಗ್ಗೆ ಚಿಕ್ಕವರಿಗೆ ಇಷ್ಟು ಸಾಕು. ಬೇಸಿಗೆಯ ಚಿಟ್ಟೆಗಳು ಕೆಲವೇ ವಾರ ಬದುಕುತ್ತವೆ. ಬೇಸಿಗೆಯ ಕೊನೆಗೆ ಹುಟ್ಟಿದವು ಸುಮಾರು 8 ತಿಂಗಳು ಬದುಕಿ, ಕೆನಡಾದ ಕಡೆಯಿಂದ ಮೆಕ್ಸಿಕೋದ ಬೆಟ್ಟಗಳ ಫರ್ ಮರದ ಕಾಡುಗಳವರೆಗೆ ಹಾರುತ್ತವೆ. ಕೆಲವಕ್ಕೆ 4,000 ಕಿಲೋಮೀಟರ್ ದಾರಿ. ಅವು ಹಿಂದೆಂದೂ ಅಲ್ಲಿಗೆ ಹೋದವಲ್ಲ! ಕೆನಡಾದ ಪ್ರಾಣಿಶಾಸ್ತ್ರಜ್ಞ ಫ್ರೆಡ್ ಅರ್ಕಾರ್ಟ್ ರೆಕ್ಕೆಗಳಿಗೆ ಚೀಟಿ ಅಂಟಿಸಿ ವರ್ಷಗಟ್ಟಲೆ ಈ ಜಾಡು ಹಿಡಿದರು. 1975ರ ಜನವರಿಯಲ್ಲಿ ಅವರ ಸಹಾಯಕರಾದ ಕೆನ್ ಬ್ರಗರ್ ಮತ್ತು ಕ್ಯಾಟಲಿನಾ ಅಗ್ವಾಡೊ ಆ ತಾಣ ತಲುಪಿದರು. ಅಲ್ಲಿನ ಹಳ್ಳಿಯವರಿಗೆ ಅದು ಮೊದಲೇ ಗೊತ್ತಿತ್ತು ಎಂಬುದನ್ನೂ ಮಕ್ಕಳಿಗೆ ಹೇಳಲೇಬೇಕು.

ಮೊನಾರ್ಕ್ ನಮ್ಮಲ್ಲಿಲ್ಲ. ಅದರ ಹತ್ತಿರದ ನೆಂಟ ಪ್ಲೇನ್ ಟೈಗರ್ ಇದೆ, ಎಕ್ಕದ ಗಿಡದಲ್ಲೇ ಮೊಟ್ಟೆ ಇಡುತ್ತದೆ. ಮಕ್ಕಳನ್ನು ಗಿಡದ ಹತ್ತಿರ ಕರೆದುಕೊಂಡು ಹೋಗಿ, ಆದರೆ ಎಲೆ ಮುರಿಯಲು ಬಿಡಬೇಡಿ. ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಹುಳು ಸಿಕ್ಕರೆ ಮೈಮೇಲಿನ ಕಪ್ಪು ಕೋಡುಗಳನ್ನು ಎಣಿಸಲು ಹೇಳಿ. ಮೊನಾರ್ಕ್ ಹುಳುವಿಗೆ 2 ಜೊತೆ, ಪ್ಲೇನ್ ಟೈಗರ್‌ಗೆ 3 ಜೊತೆ.